ಇಂಟಿಗ್ರೇಟೆಡ್ ಆಂಪ್ಲಿಫೈಯರೋ, ಪ್ರೀ-ಪವರ್ ಜೋಡಿಯೋ?

ಪ್ರೀ ಆಂಪ್ ಹಾಡಿನ ಮೂಲ ಆರಿಸಿ ವಾಲ್ಯೂಮ್ ನೋಡಿಕೊಳ್ಳುತ್ತದೆ, ಪವರ್ ಆಂಪ್ ಸ್ಪೀಕರ್ ನಡೆಸುವಷ್ಟು ಬಲ ಕೊಡುತ್ತದೆ; ಇಂಟಿಗ್ರೇಟೆಡ್‌ನಲ್ಲಿ ಇವೆರಡೂ ಒಂದೇ ಪೆಟ್ಟಿಗೆಯಲ್ಲಿ, ಜೋಡಿಯಲ್ಲಿ ಬೇರೆ ಬೇರೆ. ಪ್ರತಿ ಪೆಟ್ಟಿಗೆಯೂ ತನ್ನ ಪಾಲಿನ ಹಿಸ್ (ಸುಸ್ ಎನ್ನುವ ಹಿನ್ನೆಲೆ ಸದ್ದು) ಸೇರಿಸುತ್ತದೆ, ಆದರೆ ಅವು ನೇರವಾಗಿ ಕೂಡುವುದಿಲ್ಲ. ಪ್ರೀ ಆಂಪ್‌ನಿಂದ 20 ಮೈಕ್ರೊವೋಲ್ಟ್ ಹಿಸ್ ಹೊರಟಿತು ಎನ್ನಿ. ಪವರ್ ಆಂಪ್‌ನ ಗೇನ್ (ಸಂಕೇತವನ್ನು ಹಿಗ್ಗಿಸುವ ಪ್ರಮಾಣ) 26 ಡೆಸಿಬೆಲ್, ಅಂದರೆ 20 ಪಟ್ಟು. ಸ್ಪೀಕರ್‌ಗೆ 400 ತಲುಪುತ್ತದೆ. ಪವರ್ ಆಂಪ್‌ನದೇ 100 ಇದ್ದರೆ ಒಟ್ಟು 500 ಅಲ್ಲ. ವರ್ಗಗಳನ್ನು ಕೂಡಿ ವರ್ಗಮೂಲ ತೆಗೆದರೆ ಸುಮಾರು 412. ಹೆಚ್ಚಿನ ಹಿಸ್ ಪ್ರೀ ಆಂಪ್‌ನದೇ ಆಗಿರುವ ಇಂಥ ಕಡೆ ಇನ್ನೂ ದುಬಾರಿ ಪವರ್ ಆಂಪ್‌ಗೆ ದುಡ್ಡು ಸುರಿಯುವುದು ದಂಡ.

ಜೋಡಿಯೇ ಬೇಕೆಂದರೆ ಪ್ರೀ ಆಂಪ್‌ನ ಗೇನ್ ಕಡಿಮೆ ಇರಲಿ. ಡ್ಯಾಕ್‌ನ (ಡಿಜಿಟಲ್ ಹಾಡನ್ನು ವಿದ್ಯುತ್ ಸಂಕೇತವಾಗಿಸುವ ಸಾಧನ) 2 ವೋಲ್ಟ್ ಪವರ್ ಆಂಪ್‌ನಲ್ಲೇ 20 ಪಟ್ಟಾದರೆ 40 ವೋಲ್ಟ್; 8 ಓಮ್‌ಗೆ ಅದು 200 ವಾಟ್. ಅದಕ್ಕಿಂತ ಹೆಚ್ಚು ಯಾರಿಗೆ ಬೇಕು?

ಡಿಸ್ಟಾರ್ಷನ್, ಅಂದರೆ ಮೂಲ ಸದ್ದು ವಿಕಾರವಾಗುವುದು, ಬೇರೆ ಲೆಕ್ಕ. ಎರಡು ಪೆಟ್ಟಿಗೆಗಳದೂ ಒಂದೇ ಫೇಸ್‌ನಲ್ಲಿದ್ದರೆ (ಅಲೆಗಳು ಒಟ್ಟಿಗೆ ಏರಿಳಿದರೆ) 0.01% ಮತ್ತು 0.01% ಸೇರಿ 0.02% ಆಗುತ್ತದೆ, ಎದುರು ಫೇಸ್ ಆದರೆ ತಗ್ಗುತ್ತದೆ. ಜೋರು ಬಾಸ್‌ನಲ್ಲಿ ಸ್ಪೀಕರ್ ಒಂದೇ 1% ದಾಟಬಹುದು, ಹಾಗಾಗಿ ಈ ಅಂಕಿ ನೋಡಿ ಆಂಪ್ ಆರಿಸಬೇಡಿ.

ಮಡಿಕೇರಿ, ಸೋಮವಾರಪೇಟೆ ಕಡೆಯ ಮನೆಗಳಿಗೆ ಇಂಟಿಗ್ರೇಟೆಡೇ ಮೇಲು. ಮಳೆಗಾಲದ ತೇವಕ್ಕೆ ಪೆಟ್ಟಿಗೆಗಳನ್ನು ಜೋಡಿಸುವ ಆಡಿಯೊ ಕೇಬಲ್‌ನ ಆರ್‌ಸಿಎ ಪಿನ್‌ಗಳು ಕಪ್ಪಾಗಿ ಕರಕರ ಸದ್ದು ಬರುತ್ತದೆ. ಜೋಡಿಯಲ್ಲಿ ಅಂಥ ಕೇಬಲ್ ಒಂದು ಜೊತೆ ಹೆಚ್ಚು. ಎರಡು ಪೆಟ್ಟಿಗೆಗೂ ಅರ್ಥಿಂಗ್ ಇದ್ದರೆ 50 ಹರ್ಟ್ಸ್ ಗುಂಯ್ ಬೇರೆ. ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡ್‌ಗೆ ಹಾಕಿ, ಅರ್ಥ್ ಪಿನ್ ಮಾತ್ರ ಎಂದಿಗೂ ಕೀಳಬೇಡಿ. ಕರೆಂಟ್ ಹೋದಾಗ ಸ್ಕ್ವೇರ್ ವೇವ್ ಇನ್ವರ್ಟರ್ ಇಂಟಿಗ್ರೇಟೆಡ್, ಜೋಡಿ ಎರಡರಲ್ಲೂ ಗುರ್ ಎನ್ನಿಸಬಹುದು. ಪ್ಯೂರ್ ಸೈನ್ ವೇವ್ ತೆಗೆದುಕೊಳ್ಳಿ.

ದೊಡ್ಡ ಹಾಲ್, 84 ಡೆಸಿಬೆಲ್ ಸೆನ್ಸಿಟಿವಿಟಿಯ (ಅಂದರೆ ಅದೇ ವಾಟ್‌ಗೆ ಕಡಿಮೆ ಸದ್ದು ಕೊಡುವ) ಸ್ಪೀಕರ್ ಇದ್ದರೆ ಮಾತ್ರ ಜೋಡಿಯ ಹೆಚ್ಚುವರಿ ವಾಟ್‌ಗಳಿಗೆ ಬೆಲೆ.