ಹಾಲು ಉಕ್ಕುವಷ್ಟರಲ್ಲಿ ಮರಳು ಸುರಿದಿದ್ದರು: ನಮ್ಮ ಉಪ್ಪುನೀರಿನ ಮೀನಿನ ಟ್ಯಾಂಕ್ ಸಾಗಿಸಿದವರ ಬಗ್ಗೆ

ಮೊದಲೇ ಹೇಳಿಬಿಡುತ್ತೇನೆ, ಐದಕ್ಕೆ ಮೂರು ಸ್ಟಾರ್. ಮೂರೂ ಅವರಲ್ಲಿದ್ದ ಹಿರಿಯರಿಗೆ. ಉಳಿದ ಎರಡು ಯಾಕೆ ಹೋಯಿತು ಅನ್ನೋದಕ್ಕೆ ಸ್ವಲ್ಪ ಉದ್ದ ಬರೆಯಬೇಕು. ಅಂಗಡಿ ಹೆಸರು ಹಾಕುತ್ತಿಲ್ಲ. ತಪ್ಪು ಒಪ್ಪಿಕೊಂಡವರ ಮಾನ ಕಳೆಯೋದು ಬೇಡ ಅಂತ.

ಟ್ಯಾಂಕ್ ನನ್ನದಲ್ಲ, ಮಗನದು. ಅವನು ಓದೋಕೆ ಅಂತ ಸುರತ್ಕಲ್‌ಗೆ ಹೋದ. ತಾನು ಸಮುದ್ರದ ಪಕ್ಕಕ್ಕೆ ಹೋಗಿ, ಸಮುದ್ರವನ್ನು ನಮ್ಮ ಹಾಲ್‌ನಲ್ಲಿ ಬಿಟ್ಟುಹೋದ. ನಾಲ್ಕಡಿ ಉದ್ದ, ಒಂದೂವರೆ ಅಡಿ ಅಗಲ, ಅಷ್ಟೇ ಎತ್ತರ. ಸುಮಾರು 250 ಲೀಟರ್ ಹಿಡಿಯುತ್ತದೆ. ಒಳಗೆ ಎರಡು ಕ್ಲೌನ್ ಮೀನು, ಒಂದು ಹಳದಿ ಬಾಲದ ಡ್ಯಾಮ್ಸೆಲ್, ಒಂದು ಗೋಬಿ (ಮಂಚೂರಿಯನ್ ಅಲ್ಲ, ಮೀನಿನ ಹೆಸರೇ ಅದು), ಒಂದು ಕ್ಲೀನರ್ ಸೀಗಡಿ. ಜೊತೆಗೆ ಜೋವಾಂಥಿಡ್ ಅನ್ನೋ ಹೂವಿನಂಥ ಸಮುದ್ರ ಜೀವಿಗಳ ಗೊಂಚಲು, ಒಂದು ಲೆದರ್ ಹವಳ. ಎಲ್ಲ ಮೆತ್ತನೆಯ ಜಾತಿ. ಕಲ್ಲು ಹವಳ ಇಟ್ಟಿಲ್ಲ. ಅವು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ಹುಲಿ, ಆನೆಗಳ ಜೊತೆ ಕೂತಿವೆ. ಟ್ಯಾಂಕ್‌ನಲ್ಲಿರುವ ಬಂಡೆಗಳೂ ಮನುಷ್ಯರೇ ಮಾಡಿದವು. ಆದರೆ ಮೂರು ವರ್ಷದಲ್ಲಿ ಅವಕ್ಕೂ ಜೀವ ಬಂದಿದೆ, ಅದೇ ಈ ಕಥೆಯ ಮುಖ್ಯ ವಿಷಯ.

ವಿಜಯನಗರದ ಬಾಡಿಗೆ ಮನೆಯಿಂದ ಕೋಣನಕುಂಟೆ ಕ್ರಾಸ್ ಹತ್ತಿರದ ಸ್ವಂತ ಮನೆಗೆ ಹೋಗಬೇಕಿತ್ತು. ಆಷಾಢ ಹಿಡಿಯೋದರೊಳಗೆ ಹಾಲು ಉಕ್ಕಿಸಲೇಬೇಕು ಅಂತ ಅತ್ತೆ ಹಠ ಹಿಡಿದರು. ಮನೆ ಸಾಮಾನು ಸಾಗಿಸುವವರು ಟ್ಯಾಂಕ್ ನೋಡಿ ಕೈಯೆತ್ತಿದರು. "ಗಾಜು ಖಾಲಿ ಮಾಡಿ ಕೊಟ್ರೆ ತಗೊಂಡ್ ಹೋಗ್ತೀವಿ, ಮೀನು ನಮ್ ಜವಾಬ್ದಾರಿ ಅಲ್ಲ ಮೇಡಂ." ಕೊನೆಗೆ ಒಂದು ಅಕ್ವೇರಿಯಂ ಅಂಗಡಿಯವರು ಬಿಚ್ಚಿ, ಸಾಗಿಸಿ, ಜೋಡಿಸಿಕೊಡಲು 14,500 ರೂಪಾಯಿಗೆ ಒಪ್ಪಿದರು. ಹೊಸ ಮರಳು ಬೇಕು ಅಂತ ಫೋನ್‌ನಲ್ಲೇ ಹೇಳಿದ್ದೆ. "ಆಯ್ತು ಮೇಡಂ, ನೋಡೋಣ" ಅಂದರು. ಆ 'ನೋಡೋಣ'ವನ್ನು ಆಗಲೇ ಹಿಡಿದುಕೊಳ್ಳಬೇಕಿತ್ತು ನಾನು.

ಬೆಳಿಗ್ಗೆ ಆರೂವರೆಗೇ ಬಂದರು. ಐವತ್ತು ದಾಟಿದ ಒಬ್ಬರು ಹಿರಿಯರು, ಇಬ್ಬರು ಹುಡುಗರು. ಇಲ್ಲಿಂದ ಮುಂದೆ ಮೂರು ಗಂಟೆ ಹಿರಿಯರ ಕೆಲಸ ನೋಡೋದೇ ಒಂದು ಖುಷಿ. ಮೀನು ಹಿಡಿಯೋಕೆ ಹೋಗಲೇ ಇಲ್ಲ. ಮೊದಲು ಚೆನ್ನಾಗಿರುವ ನೀರನ್ನು ಮೇಲಿನಿಂದ ಪೈಪ್ ಹಾಕಿ ಎರಡು ನೀಲಿ ಡ್ರಮ್ಮಿಗೆ ಎಳೆದರು. ಆಮೇಲೆ ಕಲ್ಲು ತೆಗೆದು ಅದೇ ನೀರಿನಲ್ಲಿ ಮುಳುಗಿಸಿದರು. ನೀರು ನಾಲ್ಕು ಬೆರಳಿಗೆ ಇಳಿದ ಮೇಲೆ ಮೀನಿಗೆ ಓಡೋಕೆ ಜಾಗ ಎಲ್ಲಿ? ಬಲೆ ಹಾಕಿ ಐದೇ ನಿಮಿಷದಲ್ಲಿ ಎಲ್ಲ ಥರ್ಮೋಕೋಲ್ ಬಾಕ್ಸ್ ಸೇರಿದವು. ಗೋಬಿ ಮಾತ್ರ ಕಾಣಲಿಲ್ಲ. ಹಿರಿಯರು ಡ್ರಮ್ಮಿನಿಂದ ತೂತಿನ ಕಲ್ಲೊಂದನ್ನು ಎತ್ತಿ, ಟಬ್ ಮೇಲೆ ಹಾಗೇ ಹಿಡಿದು ನಿಂತರು. ಒಂದು ನಿಮಿಷ ಏನೂ ಇಲ್ಲ. ಆಮೇಲೆ ಟಪ್ ಅಂತ ಬಿತ್ತು. "ಒಳಗಡೆ ನೀರು ಖಾಲಿ ಆದ್ರೆ ಅದೇ ಬರುತ್ತೆ ಮೇಡಂ, ಕೋಲು ಹಾಕಿ ಚುಚ್ಚಬಾರದು."

ಇನ್ನೊಂದು ವಿಷಯಕ್ಕೆ ಅವರಿಗೆ ದೊಡ್ಡ ನಮಸ್ಕಾರ. ಹುಡುಗ ಬರಿಗೈಯಲ್ಲಿ ಜೋವಾಂಥಿಡ್ ಕಲ್ಲಿಗೆ ಕೈ ಹಾಕಿದ ತಕ್ಷಣ, "ಲೇ, ಗ್ಲೌಸ್ ಹಾಕ್ಕೊಳೋ!" ಅಂತ ಕೂಗಿದರು. ಅದರಲ್ಲಿ ಪಾಲಿಟಾಕ್ಸಿನ್ ಅನ್ನೋ ವಿಷ ಇರಬಹುದು. ಕೈಯಲ್ಲಿ ಗಾಯ ಇದ್ದರೆ, ಕಣ್ಣಿಗೆ ಸಿಡಿದರೆ ಆಸ್ಪತ್ರೆಯೇ ಗತಿ. ಮೂರು ವರ್ಷ ನಾನು ಬಳೆ ಸರಿಸಿಕೊಂಡು ಬರಿಗೈ ಹಾಕುತ್ತಿದ್ದೆ. ಮಗರಾಯ ಹೇಳಿರಲಿಲ್ಲ.

ಖಾಲಿ ಗಾಜೇ 50 ಕೆ.ಜಿ. ಮೇಲೆ. ತಳದಲ್ಲಿ ಒಂದು ಚೊಂಬು ನೀರೂ ಬಿಡದೆ, ಮರಳನ್ನು ಬಕೆಟ್ಟಿಗೆ ತುಂಬಿಸಿ, ಆಮೇಲೇ ಎತ್ತಿದರು. ಭಾರದ ಜೊತೆ ಎತ್ತಿದರೆ ಸಿಲಿಕೋನ್ ಅಂಟು ಬಿಟ್ಟುಕೊಳ್ಳುತ್ತದಂತೆ. ನಾಯಂಡಹಳ್ಳಿ ಜಂಕ್ಷನ್‌ನಲ್ಲಿ ಟಾಟಾ ಏಸ್ ಸಿಕ್ಕಿಹಾಕಿಕೊಂಡಾಗಲೂ ಡ್ರಮ್‌ನಲ್ಲಿ ಬ್ಯಾಟರಿ ಏರ್ ಪಂಪ್ ಗುಳುಗುಳು ಅನ್ನುತ್ತಿತ್ತು. ಹೊಸ ಮನೆಯಲ್ಲಿ ಸ್ಪಿರಿಟ್ ಲೆವೆಲ್ ಇಟ್ಟು ಸ್ಟ್ಯಾಂಡ್ ಸರಿ ಮಾಡಿ, ಫೋಮ್ ಶೀಟ್ ಹಾಸಿ, ಗೋಡೆಗೆ ಒತ್ತಿ ನಿಲ್ಲಿಸಿದರು. ಹಿಂದಿನ ದಿನವೇ ನಾನು ಬಾಲ್ಕನಿಯಲ್ಲಿ 100 ಲೀಟರ್ ಆರ್‌ಒ ನೀರಿಗೆ ಸುಮಾರು ಮೂರೂಮುಕ್ಕಾಲು ಕೆ.ಜಿ. ಸಮುದ್ರದ ಉಪ್ಪು ಕಲಸಿ, ಪಂಪ್ ಓಡಿಸಿ ಇಟ್ಟಿದ್ದೆ. ಉಪ್ಪಿನಂಶ ಅಳೆಯುವ ರಿಫ್ರಾಕ್ಟೋಮೀಟರ್‌ನಲ್ಲಿ 1.025, ಸಮುದ್ರದ ನೀರಿನಷ್ಟೇ. ಅದನ್ನು ನೋಡಿ ಹಿರಿಯರು, "ಪರವಾಗಿಲ್ವೇ!" ಅಂದರು. ಅಲ್ಲಿಯವರೆಗೆ ಐದಕ್ಕೆ ಐದು.

ಆಮೇಲೆ ಮುಹೂರ್ತ ಬಂತು. ಅತ್ತೆ ಅಡುಗೆಮನೆಯಿಂದ ಕರೆದರು. ಹಿರಿಯರೂ ಗಾಡಿ ಬಾಡಿಗೆ ವಿಷಯಕ್ಕೆ ಕೆಳಗೆ ಇಳಿದಿದ್ದರು. ಹೊಸ ಒಲೆ, ಹೊಸ ಪಾತ್ರೆ, ಪೂರ್ವಕ್ಕೆ ಮುಖ. ಹಾಲು ಉಕ್ಕಿತು, ಎಲ್ಲರೂ ಕೈ ಮುಗಿದೆವು. ಹೊರಗೆ ಬಂದರೆ ಹಾಲ್ ತುಂಬ ಕೊಳೆತ ಮೊಟ್ಟೆ ವಾಸನೆ. ಹುಡುಗರು ಹಳೇ ಮರಳನ್ನೇ, ತೊಳೆಯದೆ, ಬಕೆಟ್‌ನಿಂದ ಟ್ಯಾಂಕಿಗೆ ಸುರಿದು ಮೇಲೆ ಕಲ್ಲೂ ಜೋಡಿಸಿಬಿಟ್ಟಿದ್ದರು! "ಹೊಸ ಮರಳಿಗೆ ಎಕ್ಸ್ಟ್ರಾ ಆಗುತ್ತಲ್ವಾ ಆಂಟಿ, ಅದಕ್ಕೇ." ನನ್ನ ದುಡ್ಡು ಉಳಿಸಿದರಂತೆ.

ಗೊತ್ತಿಲ್ಲದವರಿಗೆ ಹೇಳಬೇಕು. ಮೀನಿನ ಹೇಸಿಗೆಯಿಂದ ಬರುವ ಅಮೋನಿಯವನ್ನು ತಿಂದು ಹಾಕೋದು ಕಲ್ಲಿನ ಮೇಲೆ ಬೆಳೆದಿರುವ ಬ್ಯಾಕ್ಟೀರಿಯಾ. ನಾವು ಸಾಗಿಸುತ್ತಿರೋದು ನಿಜವಾಗಿ ಅದನ್ನೇ. ಅದಕ್ಕೇ ಕಲ್ಲು ಒಣಗಬಾರದು. ಮರಳಿನ ತಳದಲ್ಲಿ ವರ್ಷಗಟ್ಟಲೆ ಇಳಿದ ಕೊಳೆ ಸುಮ್ನೆ ಕೂತಿರುವವರೆಗೆ ತೊಂದರೆ ಇಲ್ಲ. ಕಲಕಿದರೆ ಎಲ್ಲ ಒಟ್ಟಿಗೆ ನೀರಿಗೆ ಬರುತ್ತದೆ, ಬ್ಯಾಕ್ಟೀರಿಯಾಕ್ಕೆ ಅಷ್ಟು ಬೇಗ ತಿನ್ನೋಕೆ ಆಗಲ್ಲ. ಅದೂ ಉಪ್ಪುನೀರಿನ ಪಿಎಚ್ 8ರ ಮೇಲೆ. ಅಲ್ಲಿ ಅಮೋನಿಯದ ವಿಷ ಇನ್ನೂ ಜಾಸ್ತಿ.

ಮಾರನೇ ದಿನ ಸಂಜೆ ಅಮೋನಿಯ ಟೆಸ್ಟ್ ಮಾಡಿದೆ. ಹಳದಿ ಇರಬೇಕಾದ ನೀರು ಹಸಿರಿಗೆ ತಿರುಗಿತು. ಸೊನ್ನೆ ಇರಬೇಕಾದ ಕಡೆ 0.5 ಪಿಪಿಎಂ. ಲೆದರ್ ಹವಳ ಮುದುಡಿಕೊಂಡು ಒದ್ದೆ ಚಪ್ಪಲಿ ಹಾಗೆ ಬಿದ್ದಿತ್ತು. ಎರಡು ದಿನ ಬಕೆಟ್ ಬಕೆಟ್ ನೀರು ಬದಲಾಯಿಸಿದೆ. ಮೂರನೇ ದಿನ ಬೆಳಿಗ್ಗೆ ಸೀಗಡಿ ಮಗ್ಗುಲಾಗಿ ಬಿದ್ದಿತ್ತು. ಪೊರೆ ಕಳಚಿರಬಹುದು ಅಂತ ಆಸೆಯಿಂದ ಇಕ್ಕಳದಲ್ಲಿ ಎತ್ತಿದೆ. ಪೊರೆಯಾದರೆ ಗಾಜಿನ ಹಾಗೆ ಹಗುರ, ಒಳಗೆ ಖಾಲಿ. ಇದು ಭಾರವಾಗಿತ್ತು.

ಅಂಗಡಿಗೆ ಫೋನ್ ಮಾಡಿದರೆ, "ಹೊಸ ಜಾಗ ಅಲ್ವಾ ಮೇಡಂ, ಹೊಂದ್ಕೊಳ್ಳಕ್ಕೆ ಟೈಮ್ ಬೇಕು" ಅನ್ನೋ ಉತ್ತರ. ಈ ಮಾತಿಗೇ ಒಂದು ಸ್ಟಾರ್ ಕಟ್. ಇನ್ನೊಂದು ಮರಳಿಗೆ. ನಾಲ್ಕನೇ ದಿನ ಹಿರಿಯರು ತಾವಾಗಿಯೇ ಬಂದರು, ದುಡ್ಡು ಕೇಳಲಿಲ್ಲ. ಟ್ಯಾಂಕ್ ಬಗ್ಗಿ ನೋಡಿ, "ನಾನು ಕೆಳಗೆ ಇಳೀಬಾರದಿತ್ತು" ಅಂದರು. ಅಷ್ಟೇ. ಸಣ್ಣ ಪೈಪ್ ಹಾಕಿ, ಕಲ್ಲು ಅಲುಗಿಸದೆ, ಎರಡು ಗಂಟೆ ಕೂತು ಮರಳನ್ನೆಲ್ಲ ಎಳೆದುಹಾಕಿದರು. ಈಗ ತಳ ಬರೀ ಗಾಜು. ನೋಡೋಕೆ ಬೋಳು ಬೋಳು, ಆದರೆ ಒಂದು ವಾರದಲ್ಲಿ ಅಮೋನಿಯ ಸೊನ್ನೆಗೆ ಇಳಿಯಿತು. ಹವಳವೂ ಮೈ ಮೇಲಿನ ಪೊರೆ ಬಿಟ್ಟು ಮತ್ತೆ ಅರಳಿದೆ.

ತಡೆಹಿಡಿದಿದ್ದ ಕೊನೆಯ ಎರಡು ಸಾವಿರವನ್ನು ಅವರ ಕೈಗೇ ಕೊಟ್ಟೆ. ಇನ್ನೊಮ್ಮೆ ಇವರನ್ನೇ ಕರೀತೀನಾ? ಹಿರಿಯರೇ ಬರ್ತಾರೆ, ಕೊನೆಯವರೆಗೂ ಟ್ಯಾಂಕ್ ಮುಂದೆಯೇ ಇರ್ತಾರೆ ಅಂದರೆ ಕರೀತೀನಿ. ನೀವು ಕರೆಯೋದಾದರೆ ಮರಳಿನ ಮಾತನ್ನು ವಾಟ್ಸಾಪ್‌ನಲ್ಲಿ ಬರೆಸಿಕೊಳ್ಳಿ. ಹಾಲು ಉಕ್ಕಿಸುವ ದಿನ ಟ್ಯಾಂಕ್ ಕೆಲಸ ಇಟ್ಟುಕೊಳ್ಳಬೇಡಿ.

ಮಗ ದಿನಾ ವಿಡಿಯೋ ಕಾಲ್‌ನಲ್ಲಿ ಕೇಳುತ್ತಾನೆ, "ಸೀಗಡಿ ಎಲ್ಲಮ್ಮಾ?" ಕಲ್ಲಿನ ಹಿಂದೆ ಇದೆ ಕಣೋ ಅಂತ ಹೇಳಿಕೊಂಡು ಬಂದಿದ್ದೇನೆ. ಇದನ್ನು ಅವನು ಓದದಿದ್ದರೆ ಸಾಕು.