ತುಮಕೂರಿನ ಭಾನುವಾರದ ವರ್ಲ್ಡ್ ಹಿಸ್ಟರಿ ಬ್ಯಾಚ್: ಪಾಠಕ್ಕೆ ದುಡ್ಡು ಕೊಡಿ, ನೋಟ್ಸಿಗೆ ಬೇಡ

ಗುಬ್ಬಿ ಗೇಟ್ ಕಡೆ ಒಂದು ಕೋಚಿಂಗ್ ಸೆಂಟರಲ್ಲಿ ಯುಪಿಎಸ್ಸಿ ಮೇನ್ಸ್ ಬರೆಯೋರಿಗೆ ಅಂತ ಭಾನುವಾರ ವರ್ಲ್ಡ್ ಹಿಸ್ಟರಿ ಬ್ಯಾಚ್ ನಡೆಸ್ತಾರೆ. ಹೆಸರು ಹಾಕಲ್ಲ, ಯಾಕಂದ್ರೆ ಕೆಳಗೆ ಬೈದೂ ಇದೀನಿ, ಊರಲ್ಲಿ ಓದೋರಿಗೆ ಯಾವುದು ಅಂತ ಹೇಗೂ ಗೊತ್ತಾಗತ್ತೆ. ನನ್ನ ಅಭಿಪ್ರಾಯ ಮೊದಲೇ ಹೇಳ್ಬಿಡ್ತೀನಿ: ಭಾನುವಾರದ ಕ್ಲಾಸ್ ಮಾತ್ರ ತಗೊಳ್ಳಿ, ನೋಟ್ಸು ಟೆಸ್ಟ್ ಸೀರೀಸ್ ಎಲ್ಲಾ ಸೇರಿಸಿರೋ ಫುಲ್ ಪ್ಯಾಕೇಜ್ ಕಡೆ ತಲೆ ಹಾಕ್ಬೇಡಿ.

ಎಲ್ಲಾ ಕ್ಲಾಸ್ ಬಗ್ಗೆ ಬರೆಯೋಕೆ ಹೋದ್ರೆ ಮುಗಿಯಲ್ಲ, ಒಂದರ ಬಗ್ಗೆ ಹೇಳ್ತೀನಿ, ಅದರಲ್ಲೇ ಸರ್ ಹೆಂಗೆ ಪಾಠ ಮಾಡ್ತಾರೆ ಅಂತ ಗೊತ್ತಾಗತ್ತೆ. ಎರಡನೇ ಮಹಾಯುದ್ಧದಲ್ಲಿ ತಟಸ್ಥವಾಗಿದ್ದ ದೇಶಗಳು. ಬೇರೆ ಕಡೆ ಇದನ್ನ ಎರಡು ಲೈನಲ್ಲಿ ಮುಗಿಸ್ತಾರೆ, ಸ್ವಿಟ್ಜರ್ಲೆಂಡ್ ಸ್ವೀಡನ್ ಟರ್ಕಿ ಪೋರ್ಚುಗಲ್ ಬರ್ಕೊಳ್ಳಿ, ನೆಕ್ಸ್ಟ್ ಟಾಪಿಕ್. ಇವರು ಬೆಳಗ್ಗೆ ಪೂರ್ತಿ ಇದಕ್ಕೇ ಇಟ್ರು.

ಸರ್ ತಿಪಟೂರಿನವರು. ಕ್ಲಾಸಿಗೆ ಬಂದವರೇ ಬೆಂಚುಗಳನ್ನ ಎರಡು ಭಾಗ ಮಾಡಿ ಎಡಗಡೆಯವರು ಬ್ರಿಟಿಷ್ ರಾಯಭಾರ ಕಚೇರಿ, ಬಲಗಡೆಯವರು ಜರ್ಮನ್ ರಾಯಭಾರ ಕಚೇರಿ ಅಂದ್ರು, ಶಿರಾ ಕಡೆಯಿಂದ ಬರೋ ಒಬ್ಬಳು ಹುಡುಗೀನ ಮುಂದೆ ಕೂರಿಸಿ ನೀನು ಟರ್ಕಿ ವಿದೇಶಾಂಗ ಮಂತ್ರಿ ಅಂತ ಕೈಗೆ ಒಂದು ಡಬ್ಬಿ ಸೀಮೆಸುಣ್ಣ ಕೊಟ್ರು. ಅದು ಕ್ರೋಮ್ ಅದಿರು. ಗಟ್ಟಿ ಉಕ್ಕು ಮಾಡೋಕೆ ಕ್ರೋಮ್ ಬೇಕು, ಉಕ್ಕಿಲ್ಲದೆ ಟ್ಯಾಂಕೂ ಇಲ್ಲ ಫಿರಂಗೀನೂ ಇಲ್ಲ. ಎಪಿಎಂಸೀಲಿ ಕೊಬ್ಬರಿ ಹರಾಜು ನೋಡಿದೀರಲ್ಲ, ಇದೂ ಹಂಗೇ, ಆದ್ರೆ ಇಲ್ಲಿ ಕೊಳ್ಳೋರಿಬ್ರ ಕೈಲೂ ಬಂದೂಕಿದೆ, ಮಾರೋನಿಗೆ ಅಂಗಡಿ ಮುಚ್ಚೋ ಹಂಗೂ ಇಲ್ಲ ಅಂದ್ರು. ಎಡಗಡೆ ಹುಡುಗರು ಕ್ರೋಮ್ ಅಷ್ಟನ್ನೂ ನಾವೇ ಕೊಳ್ತೀವಿ ಅಂದ್ರೆ ಆ ಹುಡುಗಿ ಒಣ ಹಣ್ಣೂ ಕೊಳ್ಳಿ ಅಂತ ಕೇಳ್ಬೇಕಿತ್ತು, ಯಾಕಂದ್ರೆ ನಿಜವಾಗ್ಲೂ ಹಂಗೇ ಆಗಿತ್ತು, 1940ರ ಶುರುವಲ್ಲಿ ಬ್ರಿಟನ್ ಫ್ರಾನ್ಸ್ ಕ್ರೋಮಿನ ಜೊತೆಗೆ ಟರ್ಕಿಯ ಒಣ ಹಣ್ಣನ್ನೂ ಕೊಳ್ಳೋಕೆ ಒಪ್ಪಿದ್ವು. ಹಣ್ಣು ತಿನ್ನೋ ಆಸೆಗಲ್ಲ, ಆ ವ್ಯಾಪಾರ ಜರ್ಮನಿ ಕೈಗೆ ಹೋಗ್ಬಾರ್ದು ಅಂತ.

ಆ ಒಪ್ಪಂದ 1943ರ ಜನವರಿಗೆ ಮುಗಿಯತ್ತೆ. ಜರ್ಮನಿಯವರು ಸುಮ್ನೆ ಕಾಯ್ಲಿಲ್ಲ, 1941ರ ಅಕ್ಟೋಬರಲ್ಲೇ ಅದರ ನಂತರದ ಸರದಿ ತಮ್ಮದು ಅಂತ ಬರೆಸ್ಕೊಂಡ್ರು, ಬದಲಿಗೆ ಶಸ್ತ್ರಾಸ್ತ್ರ ಕೊಡ್ತೀವಿ ಅಂತ. ಅದಕ್ಕೂ ಮುಂಚೆ ಅದೇ ವರ್ಷ ಜೂನ್ 18ಕ್ಕೆ ಟರ್ಕಿ ಜರ್ಮನಿ ಜೊತೆ ಸ್ನೇಹ ಒಪ್ಪಂದಕ್ಕೆ ಸಹಿ ಹಾಕಿತ್ತು, ನಾಲ್ಕೇ ದಿನಕ್ಕೆ ಹಿಟ್ಲರ್ ರಷ್ಯಾ ಮೇಲೆ ಬಿದ್ದ. 1939ರಲ್ಲಿ ಬ್ರಿಟನ್ ಫ್ರಾನ್ಸ್ ಜೊತೆ ಮಾಡ್ಕೊಂಡಿದ್ದ ಒಪ್ಪಂದ ಆಗಲೂ ಜೇಬಲ್ಲೇ ಇತ್ತು! 1943ರ ಜನವರಿ ಕೊನೇಲಿ ಚರ್ಚಿಲ್ ಖುದ್ದಾಗಿ ಟರ್ಕಿಯ ಅದಾನಾ ಹತ್ರ ಬಂದು ರೈಲು ಬೋಗಿಯಲ್ಲಿ ಅಧ್ಯಕ್ಷ ಇನೋನು ಜೊತೆ ಕೂತು ಯುದ್ಧಕ್ಕೆ ಬನ್ನಿ ಅಂತ ಪುಸಲಾಯಿಸಿದ್ರು, ಇವರು ಬರ್ತೀವಿ ಆದ್ರೆ ಮೊದಲು ವಿಮಾನ ಕೊಡಿ ಟ್ಯಾಂಕ್ ಕೊಡಿ ಅನ್ಕೊಂಡೇ ಕಾಲ ತಳ್ಳಿದ್ರು. ನಮ್ಮ ಮಂತ್ರಿ ಹುಡುಗೀನೂ ಕಮ್ಮಿ ಇರ್ಲಿಲ್ಲ, "ಇಬ್ರಿಗೂ ಕೊಡ್ತೀನಿ ಕಣ್ರೋ, ಆದ್ರೆ ಇವತ್ತಲ್ಲ" ಅಂತ ಡಬ್ಬೀನ ದುಪಟ್ಟಾದೊಳಗೆ ಸುತ್ತಿಟ್ಕೊಂಡ್ಳು, ಸರ್ ನಗು ತಡೀಲಾರದೆ ಅಲ್ಲೇ ಹರಾಜು ನಿಲ್ಲಿಸಿದ್ರು.

ಆಮೇಲೆ ಗಾಳಿ ತಿರುಗ್ತು. 1944ರ ಏಪ್ರಿಲಲ್ಲಿ ಜರ್ಮನಿಗೆ ಕ್ರೋಮ್ ಬಂದ್, ಆಗಸ್ಟಲ್ಲಿ ರಾಜತಾಂತ್ರಿಕ ಸಂಬಂಧವೂ ಕಟ್, 1945ರ ಫೆಬ್ರವರಿ 23ಕ್ಕೆ ಯುದ್ಧ ಘೋಷಣೆ. ಮಾರ್ಚ್ 1ರೊಳಗೆ ಯುದ್ಧ ಸಾರಿದ ದೇಶಗಳಿಗೆ ಮಾತ್ರ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ವಿಶ್ವಸಂಸ್ಥೆ ಕಟ್ಟೋ ಸಭೆಗೆ ಆಹ್ವಾನ ಅಂತ ಯಾಲ್ಟಾದಲ್ಲಿ ಚರ್ಚಿಲ್, ರೂಸ್ವೆಲ್ಟ್, ಸ್ಟಾಲಿನ್ ಸೇರಿದ್ದಾಗ ತೀರ್ಮಾನ ಆಗಿತ್ತು, ಅದಕ್ಕೇ ಈ ಅವಸರ.

ಮಧ್ಯೆ ಸಿಸೆರೊ ಅನ್ನೋ ಗುಪ್ತನಾಮದ ಗೂಢಚಾರನ ಕತೆ. ಅಂಕಾರದಲ್ಲಿ ಬ್ರಿಟಿಷ್ ರಾಯಭಾರಿ ಮನೆ ಕೆಲಸದವನು ಎಲ್ಯೇಸಾ ಬಜ್ನಾ ಸಾಹೇಬ್ರ ರಹಸ್ಯ ಕಾಗದಗಳ ಫೋಟೋ ತೆಗೆದು ಜರ್ಮನಿಯವರಿಗೆ ಮಾರ್ತಿದ್ದ, ಅವರು ಕಂತೆ ಕಂತೆ ಪೌಂಡ್ ಕೊಟ್ರು, ಆ ನೋಟುಗಳಲ್ಲಿ ಬಹುಪಾಲು ಖೋಟಾ, ಜರ್ಮನಿಯವರೇ ತಮ್ಮ ಸೆರೆಶಿಬಿರದ ಕೈದಿಗಳ ಕೈಲಿ ಅಚ್ಚು ಹಾಕಿಸಿದ್ದು. ಪರೀಕ್ಷೆಗೆ ಇದು ಬರಲ್ಲ ಬರ್ಕೋಬೇಡಿ ಅಂದ್ರು ಸರ್, ಎಲ್ರೂ ಬರ್ಕೊಂಡ್ವಿ.

ನನಗೆ ಕೊಟ್ಟ ಫೀಸು ವಸೂಲಾಯ್ತು ಅನಿಸಿದ್ದು ಕಾಬೂಲಿನ ಭಾಗದಲ್ಲಿ. ನೇತಾಜಿ 1941ರ ಜನವರಿಯಲ್ಲಿ ಕಲ್ಕತ್ತಾದ ಮನೆಯಿಂದ ತಪ್ಪಿಸ್ಕೊಂಡು ಪೇಶಾವರ ದಾಟಿ ಕಾಬೂಲಿಗೆ ಹೋದ ಕತೆ ಸ್ಕೂಲಲ್ಲೇ ಕೇಳಿರ್ತೀವಿ, ಕಿವುಡ ಮೂಗನ ವೇಷ, ಪಠಾಣ್ ಬಟ್ಟೆ, ಜೊತೇಲಿ ಭಗತ್ ರಾಮ್ ತಲ್ವಾರ್. ಆದ್ರೆ ಕಾಬೂಲೇ ಯಾಕೆ ಅಂತ ಯಾವ ಮೇಷ್ಟ್ರೂ ಹೇಳಿರ್ಲಿಲ್ಲ. ಅಫ್ಘಾನಿಸ್ತಾನ ತಟಸ್ಥ, ಹಾಗಾಗಿ ಬ್ರಿಟಿಷ್, ಜರ್ಮನ್, ಇಟಾಲಿಯನ್, ಸೋವಿಯತ್ ನಾಲ್ಕೂ ಕಚೇರಿ ಒಂದೇ ಊರಲ್ಲಿ ಬಾಗಿಲು ತೆಗೆದು ಕೂತಿದ್ವು. ನೇತಾಜಿ ಮೊದಲು ಸೋವಿಯತ್ ಕಡೆ ಪ್ರಯತ್ನಪಟ್ರೆ ಅವರು ಕಿವಿಗೇ ಹಾಕ್ಕೊಳ್ಳಲಿಲ್ಲ, ಪ್ರಯಾಣಿಕರು ತಂಗೋ ಒಂದು ಛತ್ರದಲ್ಲಿ ಅಡಗಿರುವಾಗ ಒಬ್ಬ ಪೊಲೀಸಿನವನು ಪೀಡಿಸಿ ಪೀಡಿಸಿ ಕೊನೆಗೆ ಅವರ ಕೈಗಡಿಯಾರಾನೂ ಕಿತ್ಕೊಂಡ, ಆಮೇಲೆ ರೇಡಿಯೋ ಅಂಗಡಿ ಇಟ್ಟಿದ್ದ ಉತ್ತಮ್ ಚಂದ್ ಮನೇಲಿ ಜಾಗ ಸಿಕ್ತು. ಕಡೆಗೆ ಇಟಲಿಯ ರಾಯಭಾರಿ ಕ್ವಾರೋನಿ ಮೂಲಕ ಓರ್ಲಾಂಡೊ ಮಜೋಟಾ ಅನ್ನೋ ಹೆಸರಿನ ಪಾಸ್‌ಪೋರ್ಟ್ ಸಿಕ್ಕಿ ಮಾರ್ಚಲ್ಲಿ ಕಾಬೂಲ್ ಬಿಟ್ಟು ಮಾಸ್ಕೋ ದಾರಿಯಾಗಿ ಬರ್ಲಿನ್ ಸೇರಿದ್ರು.

ಇನ್ನು ಅದೇ ಭಗತ್ ರಾಮ್! ಇಟಲಿಯವರಿಗೂ ಜರ್ಮನಿಯವರಿಗೂ ನಿಮ್ಮ ಕಡೆಯವನು ಅಂತ ಹೇಳ್ಕೊಂಡು ದುಡ್ಡು, ವೈರ್‌ಲೆಸ್ ಎಲ್ಲಾ ತಗೊಂಡ, ಹಿಟ್ಲರ್ ರಷ್ಯಾ ಮೇಲೆ ದಾಳಿ ಮಾಡಿದ್ಮೇಲೆ ಕಮ್ಯುನಿಸ್ಟ್ ಮನಸ್ಸಿನವನು ಸೋವಿಯತ್ ಕಡೆ ವಾಲಿದ, ಅವರ ಮೂಲಕ ಬ್ರಿಟಿಷರಿಗೂ ಕೆಲಸ ಮಾಡಿದ, ಸಿಲ್ವರ್ ಅನ್ನೋ ಗುಪ್ತನಾಮದಲ್ಲಿ ಜರ್ಮನಿಯವರಿಗೆ ಸುಳ್ಳು ಸುದ್ದಿ ಸಾಗಿಸ್ತಿದ್ದ. ನೇತಾಜಿಯನ್ನ ದಾಟಿಸಿದವನೇ ಇದು ಅಂತ ಗೊತ್ತಾದಾಗ ಕ್ಲಾಸಲ್ಲಿ ಎರಡು ನಿಮಿಷ ಗಲಾಟೆ, ದ್ರೋಹಿ ಅಂತ ಅರ್ಧ ಜನ, ಅಲ್ಲ ಕಣೋ ಅವನಿಗೆ ಫ್ಯಾಸಿಸಮ್ಮೇ ಶತ್ರು ಅಂತ ಇನ್ನರ್ಧ. ಸರ್ ತೀರ್ಪು ಕೊಡ್ಲಿಲ್ಲ, ನನಗೆ ಅದೇ ಇಷ್ಟ ಆಗಿದ್ದು.

ಹಿಂದಿನ ಬೆಂಚಿನ ಒಬ್ಬ ಮಧುಗಿರಿ ಹುಡುಗ ಎದ್ದು, "ಸಾರ್, ಇರಾನೂ ತಟಸ್ಥನೇ ಅಲ್ವಾ, ಅವರಿಗ್ಯಾಕೆ ಹಂಗಾಯ್ತು" ಅಂದ. ಒಳ್ಳೇ ಪ್ರಶ್ನೆ. 1941ರ ಆಗಸ್ಟ್ 25ಕ್ಕೆ ಉತ್ತರದಿಂದ ಸೋವಿಯತ್ ಸೈನ್ಯ, ದಕ್ಷಿಣದಿಂದ ಬ್ರಿಟಿಷ್ ಸೈನ್ಯ ನುಗ್ತು. ನೆಪ ಅಲ್ಲಿದ್ದ ಜರ್ಮನ್ನರು, ಬೇಕಾಗಿದ್ದು ಅಬಾದಾನಿನ ಎಣ್ಣೆ ಮತ್ತೆ ರಷ್ಯಾಕ್ಕೆ ಸಾಮಾನು ಸಾಗಿಸೋ ದಾರಿ. ಮುಂದಿನ ತಿಂಗಳೇ ರೆಜಾ ಶಾ ಸಿಂಹಾಸನ ಬಿಟ್ಟು ಮಗನನ್ನ ಕೂರಿಸಿ ಹೊರಟ. ಪಕ್ಕದ ಮನೆಗೆ ಹಿಂಗಾಗಿದ್ದನ್ನ ಕಾಬೂಲಿನವರು ನೋಡಿದ್ರು. ಅಕ್ಟೋಬರಲ್ಲಿ ಅವರಿಗೂ ಜರ್ಮನ್, ಇಟಾಲಿಯನ್ ನಾಗರಿಕರನ್ನ ಹೊರಗೆ ಕಳಿಸಿ ಅಂತ ಲಂಡನ್ನು ಮಾಸ್ಕೋ ಎರಡೂ ಒತ್ತಡ ಹಾಕಿದಾಗ ಕಳಿಸಿದ್ರು, ಆದ್ರೆ ರಾಯಭಾರ ಕಚೇರಿ ಮುಚ್ಚಿಸಲಿಲ್ಲ, ನವೆಂಬರಲ್ಲಿ ಲೋಯಾ ಜಿರ್ಗಾ ಅಂದ್ರೆ ದೇಶದ ಮುಖಂಡರ ಮಹಾಸಭೆ ಕರೆದು ತಟಸ್ಥರಾಗೇ ಇರ್ತೀವಿ ಅಂತ ಠರಾವೂ ಮಾಡಿಸಿದ್ರು. ಅಷ್ಟು ಬಗ್ಗಿದ್ರಿಂದ ಉಳ್ಕೊಂಡ್ರು ಅನ್ನೋದು ಸರ್ ವಾದ, ನನಗೇನೋ ಅವರ ನೆಲದಲ್ಲಿ ಎಣ್ಣೆಬಾವಿ, ಬಂದರು ಇಲ್ಲದ್ದೂ ಒಂದು ಕಾರಣ ಅನಿಸತ್ತೆ.

ಪೋರ್ಚುಗಲ್ಲಿನ ಟಂಗ್‌ಸ್ಟನ್ನು, ಸ್ವೀಡನ್ನಿನ ಕಬ್ಬಿಣದ ಅದಿರು ಎರಡನ್ನೂ ಕೊನೆಗೆ ಅವಸರದಲ್ಲಿ ಹೇಳಿ ಮುಗಿಸಿದ್ರು. ಲಿಸ್ಬನ್ ವಿಮಾನ ನಿಲ್ದಾಣದಲ್ಲಿ ಯುದ್ಧದ ಮಧ್ಯೆ ಬ್ರಿಟಿಷ್ ವಿಮಾನವೂ ಜರ್ಮನ್ ವಿಮಾನವೂ ಅಕ್ಕಪಕ್ಕ ನಿಲ್ತಿದ್ವು ಅನ್ನೋದಿಷ್ಟೇ ತಲೇಲಿ ಉಳೀತು.

ಇನ್ನು ಬೈಯೋ ಭಾಗ. ಸ್ಪೈರಲ್ ಬೈಂಡಿಂಗ್ ನೋಟ್ಸು ಈ ಸರ್ ಬರ್ದಿದ್ದಲ್ಲ, ಎಲ್ಲಿಂದಲೋ ಜೆರಾಕ್ಸ್ ಮಾಡ್ಸಿರೋದು. ಅದರಲ್ಲಿ ಟರ್ಕಿ ಯುದ್ಧ ಮುಗಿಯೋವರೆಗೂ ತಟಸ್ಥ ಅಂತಿದೆ, ಇರಾನನ್ನ ಜರ್ಮನಿಯ ಮಿತ್ರರಾಷ್ಟ್ರ ಅಂತ ಹಾಕಿದಾರೆ, 1943ರ ಸೆಪ್ಟೆಂಬರಲ್ಲಿ ಇರಾನ್ ಜರ್ಮನಿ ಮೇಲೇ ಯುದ್ಧ ಸಾರಿತ್ತು! ಟೆಸ್ಟ್ ಸೀರೀಸಲ್ಲಿ ಅದೇ ತಪ್ಪು ಉತ್ತರಕ್ಕೆ ಮಾರ್ಕ್ಸ್, ಸರಿ ಬರೆದವರಿಗೆ ಸೊನ್ನೆ. ಆಫೀಸಲ್ಲಿ ಹೋಗಿ ಕೇಳಿದ್ರೆ ರಿಸೆಪ್ಷನ್ ಮೇಡಂ ಕೀ ಆನ್ಸರ್ ಪ್ರಕಾರನೇ ಸರ್ ಅಂತಾರೆ, ಅವರ ತಪ್ಪಲ್ಲ ಬಿಡಿ, ಆದ್ರೆ ತಿದ್ದೋರು ಯಾರೂ ಇಲ್ಲ. ರೂಮು ಮೂರನೇ ಮಹಡಿ, ಲಿಫ್ಟ್ ಇಲ್ಲ, ಏಪ್ರಿಲಲ್ಲಿ ಎರಡೇ ಫ್ಯಾನು, ಮೈಕ್ ಗೊರಗೊರ ಅನ್ನತ್ತೆ, ಆದಷ್ಟು ಮುಂದಿನ ಬೆಂಚ್ ಹಿಡೀರಿ.

ಫುಲ್ ಪ್ಯಾಕೇಜ್ 18 ಸಾವಿರ, ಭಾನುವಾರದ್ದು ಮಾತ್ರ ಅಂದ್ರೆ 6 ಸಾವಿರ. ಕೌಂಟರಲ್ಲಿ ಬರೀ ಭಾನುವಾರದ್ದು ಇಲ್ಲ ಅಂತ ಮೊದಲು ಹೇಳ್ತಾರೆ, ಇದೆ, ಗಟ್ಟಿಯಾಗಿ ಕೇಳಿ. ದುಡ್ಡು ಕಟ್ಟೋ ಮುಂಚೆ ಡೆಮೊ ಕ್ಲಾಸಿಗೆ ಕೂರಿ, ತಿಪಟೂರು ಸರ್ ಅವರೇ ಬರ್ತಾರಾ ಅಂತ ಖಾತ್ರಿ ಮಾಡ್ಕೊಳ್ಳಿ, ಅವರು ಬರದಿದ್ರೆ 6 ಸಾವಿರವೂ ದಂಡ. ಕ್ಲಾಸ್ ಒಂಬತ್ತಕ್ಕೆ ಅಂತಾರೆ, ಶುರುವಾಗೋದು ಒಂಬತ್ತೂವರೆಗೆ, ಬೆಂಗಳೂರು ಕಡೆಯಿಂದ ಬರೋರು ಕ್ಯಾತ್ಸಂದ್ರದಲ್ಲಿ ಇಳಿದು ತಟ್ಟೆ ಇಡ್ಲಿ ಮುಗಿಸ್ಕೊಂಡೇ ಬರಬಹುದು.