ಕಪ್ಪೆ ಕಾಣದ ಕಾವಲು ಆಪ್, ಕಾಸಿಲ್ಲದ ರಿಸ್ಟ್ರಿಕ್ಟ್ ಗುಂಡಿ

ಅಪ್ಪ ಒಂದು ವರ್ಷದ ಚಂದಾ ಕಟ್ಟಿ ತಮ್ಮನ ಫೋನಿಗೆ ಹಾಕಿಸಿದ ಕಾವಲು ಆಪ್‌ಗೆ ಐದರಲ್ಲಿ ಒಂದು ನಕ್ಷತ್ರ. ಅದೂ ಹೊತ್ತು ಮೀರಿದರೆ ಫೋನ್ ಮುಚ್ಚುವ ಕೆಲಸ ಸರಿಯಾಗಿ ಮಾಡುತ್ತದೆ ಅನ್ನೋ ಒಂದೇ ಕಾರಣಕ್ಕೆ. ಅಷ್ಟನ್ನು 2017ರಲ್ಲಿ ಬಂದ ಗೂಗಲ್‌ನ ಫ್ಯಾಮಿಲಿ ಲಿಂಕ್ ಪುಕ್ಕಟೆಯಾಗಿ ಮಾಡುತ್ತದೆ. ಮಗುವಿನ ಮೆಸೇಜ್ ಓದುತ್ತೇನೆ ಅಂತ ಅದು ಕೊಚ್ಚಿಕೊಳ್ಳುವುದೂ ಇಲ್ಲ, ಓದುವುದೂ ಇಲ್ಲ. ನಾವು ದುಡ್ಡು ಕೊಟ್ಟ ಆಪ್‌ನ ಜಾಹೀರಾತು ಮಾತ್ರ ಬೇರೆ: 'ನಿಮ್ಮ ಮಗುವನ್ನು ಯಾರೇ ಹಂಗಿಸಿದರೂ ಕೂಡಲೇ ನಿಮಗೆ ತಿಳಿಸುತ್ತೇವೆ'. ಹೆಸರು ಹೇಳುವುದಿಲ್ಲ. ಇಂಥವು ಹತ್ತಾರಿವೆ, ಎಲ್ಲದರ ರೀತಿಯೂ ಹೆಚ್ಚು ಕಡಿಮೆ ಒಂದೇ.

ಹಾಕಿಕೊಳ್ಳುವಾಗ ಅದು ಆಕ್ಸೆಸಿಬಿಲಿಟಿ ಅನುಮತಿ ಕೇಳುತ್ತದೆ, ನೋಟಿಫಿಕೇಶನ್ ಓದುವ ಅನುಮತಿ ಕೇಳುತ್ತದೆ, ಆಮೇಲೆ ಡಿವೈಸ್ ಅಡ್ಮಿನ್, ಅಂದರೆ ಫೋನ್ ಮುಚ್ಚುವಂಥ ಯಜಮಾನಿಕೆ. ಒಟ್ಟಿನಲ್ಲಿ ಪರದೆ ಮೇಲೆ ಬರುವ ಅಕ್ಷರವೆಲ್ಲ ಅದರ ಕಣ್ಣಿಗೆ ಬೀಳಬೇಕು. ಬಿದ್ದ ಅಕ್ಷರದಲ್ಲಿ ಕೆಟ್ಟ ಪದ ಹುಡುಕಿ ಅಪ್ಪನ ಫೋನಿಗೆ ಕೆಂಪು ಗಂಟೆ ಬಾರಿಸುತ್ತದೆ. ಬಾರಿಸಿತು ಕೂಡ, ಬೇಕಾದಷ್ಟು. ಗೇಮ್ ಆಡುವಾಗ ಗೆಳೆಯ 'ಐ ವಿಲ್ ಕಿಲ್ ಯು' ಅಂದರೆ ಗಂಟೆ, ಇವನು 'ಸ್ಟುಪಿಡ್, ಹಿಂದೆ ನೋಡೋ' ಅಂದರೆ ಗಂಟೆ. ಆ ಗೆಳೆಯ ನಮ್ಮ ಮನೆಗೆ ಬಂದು ಅಮ್ಮನ ಕೈಯಲ್ಲಿ ಊಟ ಹಾಕಿಸಿಕೊಂಡು ಹೋಗುವ ಹುಡುಗ. ಅಪ್ಪ ಕೆಲಸ ಬಿಟ್ಟು ಫೋನ್ ಮಾಡಿ, 'ಯಾರೋ ಅದು ನಿನ್ನ ಕೊಲ್ತೀನಿ ಅಂದಿದ್ದು?' ಅಂತ ವಿಚಾರಣೆ ಮಾಡಿದ್ದೂ ಆಯಿತು.

ನಿಜವಾಗಿ ಕಾಟ ಕೊಡುತ್ತಿದ್ದವರು ಒಂದು ಕೆಟ್ಟ ಪದವನ್ನೂ ಬಳಸಿರಲಿಲ್ಲ. ತಮ್ಮನಿಗೆ 14, ದನಿ ಒಡೆಯುವ ವಯಸ್ಸು. ಶಾಲೆಯ ವೇದಿಕೆ ಮೇಲೆ ಏನೋ ಓದುವಾಗ ದನಿ ಕೀಚಲಾಗಿದೆ. ಬಾಯಿ ತೆರೆದಿದ್ದ ಆ ಕ್ಷಣದ ಫೋಟೋ ಯಾರೋ ತೆಗೆದು ಸ್ಟಿಕರ್ ಮಾಡಿ ಕ್ಲಾಸಿನ ಗ್ರೂಪಿಗೆ ಬಿಟ್ಟಿದ್ದಾರೆ. ಅವತ್ತಿನಿಂದ ಅವನು ಕಪ್ಪೆ. ಆಮೇಲೆ ಸ್ಟಿಕರ್ ಕೂಡ ಬೇಕಾಗಲಿಲ್ಲ. ಹೋಮ್‌ವರ್ಕ್ ಏನು ಅಂತ ಇವನು ಕೇಳಿದರೆ ಉತ್ತರಕ್ಕೆ ಒಂದು ಕಪ್ಪೆ ಎಮೋಜಿ. ಇನ್‌ಸ್ಟಾಗ್ರಾಮ್‌ನಲ್ಲಿ ತಾನು ಬಿಡಿಸಿದ ಚಿತ್ರ ಹಾಕಿದರೆ ಕೆಳಗೆ ಸಾಲಾಗಿ ಕಪ್ಪೆಗಳು, ಅದಕ್ಕೊಂದಿಷ್ಟು ನಗುವ ಮುಖಗಳು. ಆ ವಾರ ಅಪ್ಪನಿಗೆ ಬಂದ ವರದಿಯಲ್ಲಿ ಹಸಿರು ಗುರುತು: 'ಆತಂಕಪಡುವಂಥದ್ದೇನೂ ಇಲ್ಲ'.

ಪಾಪ, ಆಪ್ ತಾನೇ ಏನು ಮಾಡೀತು? ಕಪ್ಪೆ ಯಾವ ನಿಘಂಟಿನಲ್ಲೂ ಬೈಗುಳವಲ್ಲ. ಮಕ್ಕಳು ಒಬ್ಬರನ್ನೊಬ್ಬರು ಚುಚ್ಚುವುದು ಹೀಗೇ: ಆ ಕ್ಲಾಸಿಗಷ್ಟೇ ಅರ್ಥವಾಗುವ ಒಂದು ಗುರುತು, ಒಬ್ಬನನ್ನು ಬಿಟ್ಟು ಮಾಡಿಕೊಂಡ ಇನ್ನೊಂದು ಗ್ರೂಪ್, ಓದಿಯೂ ಯಾರೂ ಉತ್ತರ ಕೊಡದೆ ಬಿಟ್ಟ ಮೆಸೇಜ್. ಇದನ್ನು ಪದ ಹುಡುಕುವ ಯಂತ್ರ ಹಿಡಿಯುತ್ತದೆ ಅಂತ ಮಾರುವುದು ಮೋಸವಲ್ಲದಿದ್ದರೂ ಮೋಸದ ಪಕ್ಕದ ಮನೆ.

ಇದಕ್ಕಿಂತ ಕೆಟ್ಟ ಜಾತಿಯೊಂದಿದೆ, ಮಗುವಿಗೆ ಗೊತ್ತೇ ಆಗದಂತೆ ಗುಟ್ಟಾಗಿ ಕೂರುವ ಆಪ್‌ಗಳು. ಪ್ಲೇ ಸ್ಟೋರ್‌ನ ನಿಯಮದ ಪ್ರಕಾರ ಕಾವಲು ಆಪ್ ತಾನಿದ್ದೇನೆ ಅಂತ ಸದಾ ನೋಟಿಫಿಕೇಶನ್ ತೋರಿಸುತ್ತಲೇ ಇರಬೇಕು. ಹಾಗಾಗಿ ಗುಟ್ಟಿನ ಆಪ್ ಮಾರುವವರು ತಮ್ಮ ವೆಬ್‌ಸೈಟಿನಿಂದಲೇ ಇಳಿಸಿಕೊಳ್ಳಿ, ಮೊದಲು ಪ್ಲೇ ಪ್ರೊಟೆಕ್ಟ್ (ಕೆಟ್ಟ ಆಪ್‌ಗಳನ್ನು ಹಿಡಿಯುವ ಗೂಗಲ್‌ನ ಕಾವಲು) ಆಫ್ ಮಾಡಿ ಅನ್ನುತ್ತಾರೆ. ಮನೆ ಕಾಯಲು ಬಂದವನು ಮೊದಲು ಬಾಗಿಲ ಚಿಲಕ ತೆಗೆಸಿದರೆ ಅವನನ್ನು ಒಳಗೆ ಬಿಡುತ್ತೀರಾ? ಇನ್ನೊಂದು ಮಾತು, ನಿಮ್ಮ ಮಗುವಿನ ಜೊತೆಗೆ ಅದರ ಗೆಳೆಯರ ಮೆಸೇಜುಗಳೂ ಆ ಕಂಪನಿಯ ಕೈಗೆ ಹೋಗುತ್ತವೆ. ಆ ಮಕ್ಕಳನ್ನು ಯಾರೂ ಕೇಳಿರುವುದಿಲ್ಲ.

ನನಗೆ ವಿಷಯ ಗೊತ್ತಾಗಿದ್ದು ತಮ್ಮನ ಒಂದು ಪ್ರಶ್ನೆಯಿಂದ. 'ಅಕ್ಕಾ, ಒಬ್ಬನ ಕಾಮೆಂಟು ಯಾರಿಗೂ ಕಾಣಬಾರದು, ಆದ್ರೆ ಅವನಿಗೆ ಗೊತ್ತಾಗ್ಬಾರ್ದು. ಹಂಗೆ ಮಾಡಕ್ಕಾಗತ್ತಾ?' ಬ್ಲಾಕ್ ಮಾಡೋ ಅಂದೆ. 'ಮಾಡಿದ್ರೆ ನಾಳೆ ಕ್ಲಾಸಲ್ಲಿ ಎಲ್ರಿಗೂ ತೋರಿಸ್ತಾನೆ, ಕಪ್ಪೆ ಹೆದರ್ಕೊಂಡಿತು ಅಂತಾನೆ' ಅಂದ.

ಇನ್‌ಸ್ಟಾಗ್ರಾಮ್ 2019ರಲ್ಲಿ ರಿಸ್ಟ್ರಿಕ್ಟ್ ಅನ್ನುವ ಗುಂಡಿ ತಂದದ್ದು ಸರಿಯಾಗಿ ಈ ಭಯಕ್ಕೇ. ಬ್ಲಾಕ್ ಮಾಡಿದರೆ, ರಿಪೋರ್ಟ್ ಮಾಡಿದರೆ ಕಾಟ ಇನ್ನೂ ಹೆಚ್ಚುತ್ತದೆ ಅಂತ ಹುಡುಗರು ಹಿಂಜರಿಯುತ್ತಾರೆ ಎಂದು ಕಂಪನಿಯೇ ಆಗ ಹೇಳಿಕೊಂಡಿತ್ತು. ಕಂಪನಿಗಳ ಮಾತನ್ನು ನಾನು ಸುಲಭಕ್ಕೆ ನಂಬುವವಳಲ್ಲ. ನನ್ನ ಖಾತೆಯನ್ನೇ ಅವನ ಕೈಲಿ ರಿಸ್ಟ್ರಿಕ್ಟ್ ಮಾಡಿಸಿದೆ. ಪ್ರೊಫೈಲಿಗೆ ಹೋಗಿ ಮೇಲಿನ ಮೂರು ಚುಕ್ಕೆ ಒತ್ತಿದರೆ ಸಿಗುತ್ತದೆ. ಆಮೇಲೆ ಅವನ ಚಿತ್ರದ ಕೆಳಗೆ ನಾನೊಂದು ಕಪ್ಪೆ ಹಾಕಿದೆ. ನನ್ನ ಫೋನಿನಲ್ಲಿ ಅದು ಎಂದಿನಂತೆ ಕೂತಿದೆ, ಏನೂ ಆಗಿಲ್ಲದ ಹಾಗೆ. ಅಮ್ಮನ ಫೋನಿನಲ್ಲಿ ಅದೇ ಚಿತ್ರ ತೆಗೆದರೆ ಕಪ್ಪೆಯೇ ಇಲ್ಲ. ತಮ್ಮನ ಫೋನಿನಲ್ಲಿ ಕಾಮೆಂಟಿನ ಮೇಲೆ ಮುಸುಕು. ಒತ್ತಿದರೆ ಕಾಣುತ್ತದೆ, ಬೇಕಿದ್ದರೆ ಎಲ್ಲರಿಗೂ ಕಾಣಲು ಬಿಡಬಹುದು, ಬೇಡವಾದರೆ ಅಳಿಸಬಹುದು, ಇಲ್ಲವೇ ಹಾಗೇ ಬಿಟ್ಟುಬಿಡಬಹುದು. ಮೆಸೇಜ್ ಕಳಿಸಿದೆ, ಅದು ರಿಕ್ವೆಸ್ಟ್ ಡಬ್ಬಿಗೆ ಹೋಗಿ ಬಿತ್ತು. ಅವನು ತೆಗೆದು ಓದಿದರೂ ನನಗೆ 'ಸೀನ್' ಬರಲಿಲ್ಲ, ಆನ್‌ಲೈನ್ ಇದ್ದಾನೋ ಇಲ್ಲವೋ ಅನ್ನುವುದೂ ಕಾಣಲಿಲ್ಲ. 'ಸೂಪರ್ ಕಣೇ ಇದು' ಅಂತ ಅಲ್ಲೇ ಕೂತು ನಾಲ್ಕೈದು ಹೆಸರು ಹುಡುಕಿ ಒತ್ತಿದ. ಯಾರ್ಯಾರದು ಅಂತ ನಾನು ಕೇಳಲಿಲ್ಲ. ಕಾಮೆಂಟ್ ಹಾಕಿದವನಿಗೆ ನಾಲ್ಕು ಜನ ನಗಬೇಕು, ಅದಕ್ಕೇ ಅವನು ಹಾಕುವುದು. ನೋಡುವವರೇ ಇಲ್ಲದ ಮೇಲೆ ಆಟ ತಾನಾಗಿ ಸೊರಗುತ್ತದೆ. ನಾಲ್ಕೂವರೆ ನಕ್ಷತ್ರ. ಅರ್ಧ ಕಡಿಮೆ ಯಾಕೆಂದರೆ ಹುಡುಗ ಮುಸುಕು ಸರಿಸಿ ನೋಡದೆ ಇರಲಾರ. ಆ ಕುತೂಹಲಕ್ಕೆ ಗುಂಡಿಯಿಲ್ಲ.

ಇದರ ಜೊತೆಗಾರ ಹಿಡನ್ ವರ್ಡ್ಸ್, 2021ರದು. ಕಂಪನಿಯ ಪಟ್ಟಿಯಲ್ಲಿರುವ ಬೈಗುಳವಿದ್ದ ಕಾಮೆಂಟು, ಮೆಸೇಜ್ ರಿಕ್ವೆಸ್ಟುಗಳನ್ನು ಬೇರೆ ಕಡೆ ಬಚ್ಚಿಡುತ್ತದೆ. ಅದರ ನಿಜವಾದ ಶಕ್ತಿ ಇರುವುದು ನಾವೇ ಪದ ಸೇರಿಸಬಹುದಾದ ಜಾಗದಲ್ಲಿ. ಎಮೋಜಿಯನ್ನೂ ಸೇರಿಸಬಹುದು. ಮೊದಲು ಕಪ್ಪೆ ಎಮೋಜಿ ಹೋಯಿತು. ಆಮೇಲೆ ಅದೇ ಪದ ಕನ್ನಡದಲ್ಲಿ, ಇಂಗ್ಲಿಷ್ ಅಕ್ಷರದ ಕನ್ನಡದಲ್ಲಿ, ಒಂದು ಪಿ, ಎರಡು ಪಿ, ಕೊನೆಗೆ ಇ ಬದಲು ಎ. ಹುಡುಗರು ಬರೆಯುವ ಕಾಗುಣಿತ ಅವರಿಗೇ ಪ್ರೀತಿ. 'ಇನ್ನೇನು ಅಂತಾರೋ, ಹೇಳು, ನಾನು ಟೈಪ್ ಮಾಡ್ತೀನಿ' ಅಂದೆ. ಅವನು ಬಾಯಿ ಬಿಡಲಿಲ್ಲ. ಫೋನ್ ಕಿತ್ತುಕೊಂಡು ಗೋಡೆ ಕಡೆ ತಿರುಗಿ ತಾನೇ ಟೈಪ್ ಮಾಡಿದ, ಬಹಳ ಹೊತ್ತು. ದುಡ್ಡಿನ ಆಪ್ ಅಷ್ಟು ದಿನ ಹುಡುಕಿದ್ದ ಪಟ್ಟಿ ಆ ಹುಡುಗನ ತಲೆಯಲ್ಲೇ ಇತ್ತು, ಬರೆದುಕೊಳ್ಳಲು ಅವನ ಕೈಗೇ ಜಾಗ ಕೊಡಬೇಕಿತ್ತು ಅಷ್ಟೇ.

2024ರ ಸೆಪ್ಟೆಂಬರಿನಲ್ಲಿ ಶುರುವಾದ ಇನ್‌ಸ್ಟಾಗ್ರಾಮ್‌ನ ಟೀನ್ ಅಕೌಂಟ್ ಬಗ್ಗೆ ಅಪ್ಪ ಅಮ್ಮಂದಿರಿಗೆ ಎರಡು ಮಾತು. 16ರ ಒಳಗಿನ ಎಲ್ಲರ, 18ರ ಒಳಗೆ ಹೊಸದಾಗಿ ಸೇರುವವರ ಖಾತೆ ತಾನಾಗಿ ಪ್ರೈವೇಟ್ ಆಗುತ್ತದೆ, ಮಗು ಯಾರನ್ನು ಫಾಲೋ ಮಾಡುತ್ತದೋ ಅವರು ಮಾತ್ರ ಅದನ್ನು ಟ್ಯಾಗ್ ಮಾಡಬಹುದು, ಹಿಡನ್ ವರ್ಡ್ಸ್ ಬಿಗಿಯಾಗಿಯೇ ಇರುತ್ತದೆ. 16ರ ಒಳಗಿದ್ದರೆ ಸಡಿಲಿಸಲು ಹೆತ್ತವರ ಒಪ್ಪಿಗೆ ಬೇಕು. ಮೇಲ್ವಿಚಾರಣೆ ಜೋಡಿಸಿಕೊಂಡರೆ ಕಳೆದ 7 ದಿನಗಳಲ್ಲಿ ಯಾರ ಜೊತೆ ಮಾತಾಡಿದ್ದಾರೆ ಅನ್ನುವುದು ಕಾಣುತ್ತದೆ, ಏನು ಮಾತಾಡಿದರು ಅನ್ನುವುದು ಕಾಣುವುದಿಲ್ಲ. ಅಪ್ಪನಿಗೆ ಇದು ಸಾಲದು ಅನ್ನಿಸಿತು. ನನಗೆ ಹದವಾಗಿದೆ ಅನ್ನಿಸಿತು. ಒಂದು ತೂತು ಮಾತ್ರ ಇದೆ: ಖಾತೆ ತೆರೆಯುವಾಗ ಸುಳ್ಳು ಹುಟ್ಟಿದ ವರ್ಷ ಕೊಟ್ಟಿದ್ದರೆ ಈ ಬಿಗಿ ತಾನಾಗಿ ಬರುತ್ತದೆ ಅಂತ ನೆಚ್ಚಿಕೊಳ್ಳಬೇಡಿ. ಮೊದಲು ಅದನ್ನು ನೋಡಿ.

ವಾಟ್ಸಾಪ್‌ನಲ್ಲಿ ಇಷ್ಟು ಸೌಲಭ್ಯವಿಲ್ಲ. ಮೆಸೇಜುಗಳು ಕೊನೆಯಿಂದ ಕೊನೆಗೆ ಗೂಢಲಿಪಿಯಲ್ಲಿರುವುದರಿಂದ ನಡುವೆ ಕೂತು ಯಾರೂ ಸೋಸಲಾರರು. ಆದರೆ ಪ್ರೈವಸಿಯಲ್ಲಿ ಗ್ರೂಪ್ಸ್ ಅಂತ ಒಂದು ಸಾಲಿದೆ, ನಮ್ಮನ್ನು ಗ್ರೂಪಿಗೆ ಯಾರು ಸೇರಿಸಬಹುದು ಅಂತ ಆರಿಸುವುದು ಅಲ್ಲೇ. ಕಾಟ ಕೊಡುವವರು ಕ್ಲಾಸಿನವರೇ ಆದ್ದರಿಂದ ನಂಬರ್ ಹೇಗೂ ಸೇವ್ ಆಗಿರುತ್ತದೆ, 'ಮೈ ಕಾಂಟ್ಯಾಕ್ಟ್ಸ್' ಇಟ್ಟು ಪ್ರಯೋಜನವಿಲ್ಲ. 'ಎಕ್ಸೆಪ್ಟ್' ಇರುವುದನ್ನು ಒತ್ತಿ ಆ ಹೆಸರುಗಳನ್ನು ಗುರುತು ಮಾಡಿ. ಆಗ ಅವರು ಗ್ರೂಪಿಗೆ ಎಳೆದುಕೊಳ್ಳಲಾಗದು. ಗ್ರೂಪಿಗೆ ಬಾ ಅಂತ ಆಹ್ವಾನ ಕಳಿಸಬಹುದು, 3 ದಿನಕ್ಕೆ ಅದು ಸಾಯುತ್ತದೆ. 2022ರಿಂದ ಗ್ರೂಪು ಬಿಟ್ಟರೆ ಅಡ್ಮಿನ್‌ಗಳಿಗೆ ಮಾತ್ರ ಸುದ್ದಿ ಹೋಗುತ್ತದೆ, ಆದರೂ ಬಿಟ್ಟವರ ಪಟ್ಟಿ 60 ದಿನ ಉಳಿದವರಿಗೆ ಸಿಗುತ್ತದೆ, ಮಗುವಿಗೆ ಇದು ಮೊದಲೇ ಗೊತ್ತಿರಲಿ. ರಿಪೋರ್ಟ್ ಒತ್ತುವಾಗ ಇನ್ನೊಂದು ಎಚ್ಚರ: ಅಲ್ಲೇ ಚಾಟ್ ಅಳಿಸುವ ಆಯ್ಕೆಯೂ ಇರುತ್ತದೆ. ಶಾಲೆಗೋ ಪೊಲೀಸರಿಗೋ ತೋರಿಸಬೇಕಾದ ಸಾಕ್ಷಿ ಅದರೊಂದಿಗೇ ಹೋಗುತ್ತದೆ. ತಾರೀಕು, ಹೆಸರು ಕಾಣುವ ಹಾಗೆ ಸ್ಕ್ರೀನ್‌ಶಾಟ್ ಮೊದಲು, ರಿಪೋರ್ಟ್ ಆಮೇಲೆ.

ನಮಗೆ ಬೇಕಾಗಲಿಲ್ಲ, ಆದರೆ ತಿಳಿದಿರಲಿ: 18ರ ಒಳಗಿದ್ದಾಗ ತೆಗೆದ ಬೆತ್ತಲೆ ಚಿತ್ರ ಹಿಡಿದು ಯಾರಾದರೂ ಹೆದರಿಸುತ್ತಿದ್ದರೆ ಟೇಕ್ ಇಟ್ ಡೌನ್ ಅನ್ನುವ ಉಚಿತ ಸೇವೆಯಿದೆ, ಕಾಣೆಯಾದ, ಶೋಷಣೆಗೊಳಗಾದ ಮಕ್ಕಳಿಗಾಗಿ ಇರುವ ಅಮೆರಿಕದ ಎನ್‌ಸಿಎಂಇಸಿ ಸಂಸ್ಥೆಯದು. ಹೆಸರು ಹೇಳಬೇಕಿಲ್ಲ, ಚಿತ್ರ ಫೋನ್ ಬಿಟ್ಟು ಹೋಗುವುದಿಲ್ಲ. ಅದರ ಬೆರಳಚ್ಚಿನಂಥ ಒಂದು ಸಂಖ್ಯೆ ಮಾತ್ರ ಹೋಗಿ, ಸೇರಿಕೊಂಡಿರುವ ಜಾಲತಾಣಗಳಲ್ಲಿ ಆ ಚಿತ್ರವನ್ನು ತಡೆಯಲು ನೆರವಾಗುತ್ತದೆ. ವಾಟ್ಸಾಪ್‌ನಂಥ ಗೂಢಲಿಪಿಯ ಕಡೆ ಅದರ ಆಟ ನಡೆಯದು.

ಸ್ಟಿಕರ್ ವಿಷಯಕ್ಕೆ ಅಮ್ಮ ಕ್ಲಾಸ್ ಟೀಚರ್ ಹತ್ತಿರ ಹೋಗಿ ಮಾತಾಡಬೇಕಾಯಿತು. ಅದನ್ನು ಯಾವ ಆಪೂ ಮಾಡಿಕೊಡುವುದಿಲ್ಲ. ಕಾವಲು ಆಪ್ ಕೊಳ್ಳಲೇಬೇಕು ಅನ್ನುವವರು ಫೋನ್ ಹೊಸದಾಗಿ ಹಿಡಿದ ಪುಟ್ಟ ಮಕ್ಕಳಿಗೆ ಕೊಳ್ಳಲಿ, ಮಕ್ಕಳಿಗೆ ಹೇಳಿಯೇ ಹಾಕಲಿ. ಈಗಾಗಲೇ ಕೊಂಡು ಬೇಡವಾದವರಿಗೆ: ಆಪ್ ಅಳಿಸಿದ ಮಾತ್ರಕ್ಕೆ ಚಂದಾ ನಿಲ್ಲುವುದಿಲ್ಲ. ಪ್ಲೇ ಸ್ಟೋರ್‌ನಲ್ಲಿ ದುಡ್ಡು ಕಟ್ಟಿದವರ ಖಾತೆಗೆ ಹೋಗಿ, ಸಬ್‌ಸ್ಕ್ರಿಪ್ಷನ್ಸ್ ತೆಗೆದು, ಅಲ್ಲೇ ರದ್ದು ಮಾಡಬೇಕು. ಅಪ್ಪ ಇನ್ನೂ ಮಾಡಿಲ್ಲ.